ಗಡಿ ಸರಿಯಿತು, ಪೌರತ್ವ ಸರಿಯಲಿಲ್ಲ

ಪ್ರತಿ ವರ್ಷ ಸಿಇಟಿ ಅರ್ಜಿಯ ಕಾಲ ಬಂದಾಗ ಕಾಸರಗೋಡಿನ ನನ್ನ ವಕೀಲಿ ಕಚೇರಿಗೆ ಕುಂಬಳೆ, ಬದಿಯಡ್ಕ, ಪೈವಳಿಕೆ ಕಡೆಯ ತಂದೆ ತಾಯಂದಿರು ಬರುತ್ತಾರೆ. ಮಗಳು ಕನ್ನಡ ಶಾಲೆಯಲ್ಲಿ ಓದಿದ್ದಾಳೆ, ಗಡಿನಾಡ ಕನ್ನಡಿಗರೆಂಬ ಅರ್ಹತೆಯಡಿ ಕರ್ನಾಟಕದ ಸೀಟಿಗೆ ಅರ್ಜಿ ಹಾಕಬೇಕು, ಪ್ರಮಾಣಪತ್ರ ಎಲ್ಲಿಂದ ತರಬೇಕು ಎಂದು ಶುರುವಾಗುವ ಮಾತು ಬಹಳ ಸಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ‘ಹಾಗಾದರೆ ನಾವು ಕೇರಳದ ಪ್ರಜೆಗಳೋ, ಕರ್ನಾಟಕದ ಪ್ರಜೆಗಳೋ?’

ಎರಡೂ ಅಲ್ಲ. ಅಂಥ ಪೌರತ್ವವೇ ನಮ್ಮ ದೇಶದಲ್ಲಿಲ್ಲ. ಆದರೆ ಈ ಪ್ರಶ್ನೆ ಕೇಳುವವರನ್ನು ನಾನು ಬೇಗ ಕಳುಹಿಸಿಬಿಡುವುದಿಲ್ಲ. ಎರಡು ನೂರು ವರ್ಷಗಳಲ್ಲಿ ಇಷ್ಟು ಸಲ ಒಡೆಯರು ಬದಲಾದ ಊರಿನವರು ಹೀಗೆ ಕೇಳುವುದು ಸಹಜ.

ನಮ್ಮ ಭಾಷೆಯ ‘ಪ್ರಜೆ’ ಎಂಬ ಮಾತನ್ನೇ ನೋಡಿ. ರಾಜನಿಗೆ ಒಳಪಟ್ಟವನೂ ಪ್ರಜೆ, ಮತ ಹಾಕಿ ಸರ್ಕಾರ ಇಳಿಸುವವನೂ ಪ್ರಜೆ. ಈ ಎರಡು ಅರ್ಥಗಳ ನಡುವಿನ ದಾರಿಯೇ ನಮ್ಮ ಇತಿಹಾಸ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ, ಅಂದರೆ ಇಂದಿನ ಉತ್ತರ, ದಕ್ಷಿಣ ಕನ್ನಡಗಳ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಸೇರಿಸಿದರು, ದಕ್ಷಿಣ ಕನ್ನಡ ಮದರಾಸಿನಲ್ಲಿ ಉಳಿಯಿತು. ಇದಾವುದನ್ನೂ ಇಲ್ಲಿಯ ರೈತನನ್ನು ಕೇಳಿ ಮಾಡಲಿಲ್ಲ. 1935ರ ಭಾರತ ಸರ್ಕಾರ ಕಾಯ್ದೆಯಡಿ ನಡೆದ ಚುನಾವಣೆಯಲ್ಲೂ ಆಸ್ತಿ, ತೆರಿಗೆ ಅಥವಾ ಓದಿನ ಬಲವಿದ್ದವರದೇ ಮತ. ಚಾಲಗೇಣಿಗೆ, ಅಂದರೆ ಶಾಶ್ವತ ಹಕ್ಕಿಲ್ಲದ ಗೇಣಿಗೆ, ಗದ್ದೆ ಉಳುತ್ತಿದ್ದವನು ಗೇಣಿ ಅಳೆದು ಕೊಡಬೇಕಿತ್ತು, ಮತಪೆಟ್ಟಿಗೆಯ ಹತ್ತಿರ ಅವನಿಗೆ ಜಾಗವಿರಲಿಲ್ಲ.

ಸಂವಿಧಾನದ ಒಂದು ವಿವರ ನನಗೆ ಇಂದಿಗೂ ಮೈ ನವಿರೇಳಿಸುತ್ತದೆ. ಸಂವಿಧಾನ ಪೂರ್ಣವಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಪೌರತ್ವದ 5ರಿಂದ 9ರವರೆಗಿನ ವಿಧಿಗಳು ಮತ್ತು ಚುನಾವಣಾ ಆಯೋಗದ 324ನೇ ವಿಧಿ 1949ರ ನವೆಂಬರ್ 26ರಂದೇ ಜೀವ ತಳೆದವು. ಗಣರಾಜ್ಯ ಹುಟ್ಟುವುದಕ್ಕೆ ಎರಡು ತಿಂಗಳು ಮೊದಲೇ ಅದರ ಪೌರರು ಹುಟ್ಟಿದ್ದರು. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಗೇಣಿದಾರನ ಮತಕ್ಕೂ ಧಣಿಯ ಮತಕ್ಕೂ ತೂಕ ಒಂದೇ ಆಯಿತು.

ಇನ್ನು 1956. ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಸಂವಿಧಾನದ 3ನೇ ವಿಧಿಯಡಿ ಸಂಸತ್ತು ಸಾಮಾನ್ಯ ಬಹುಮತದಿಂದ ರಾಜ್ಯದ ಗಡಿ ಬದಲಿಸಬಹುದು. ಆ ಪ್ರದೇಶದ ಜನರ ಮತ ಕೇಳಬೇಕೆಂಬ ನಿಯಮವಿಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆ ವರದಿ ಜಾರಿಯಾಗಲಿಲ್ಲ. ಅದರ ನೋವು ನನ್ನ ಹಿರಿಯರಲ್ಲಿತ್ತು, ನನ್ನಲ್ಲೂ ಇದೆ. ಆದರೂ 1956ರ ಆ ರಾತ್ರಿ ಮದರಾಸು ರಾಜ್ಯದವರಾಗಿ ಮಲಗಿ ಬೆಳಿಗ್ಗೆ ಕೇರಳದವರಾಗಿ ಎದ್ದವರ ಪೌರತ್ವಕ್ಕೆ ಒಂದು ಗೀರೂ ಬೀಳಲಿಲ್ಲ. ಅಮೆರಿಕದಲ್ಲಿ ಒಬ್ಬನು ತನ್ನ ರಾಜ್ಯದ ಪೌರನೂ ಹೌದು, ಒಕ್ಕೂಟದ ಪೌರನೂ ಹೌದು. ನಮ್ಮಲ್ಲಿ ಸರ್ಕಾರ ಎರಡು ಹಂತದ್ದಾದರೂ ಪೌರತ್ವ ಒಂದೇ ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಸೀಟಿಗೆ ಕೇಳುವುದು ವಾಸ, ಓದು, ಮಾತೃಭಾಷೆಯ ದಾಖಲೆ. ಅದಕ್ಕೂ ಪೌರತ್ವಕ್ಕೂ ಸಂಬಂಧವಿಲ್ಲ.

ಬದಲಾದದ್ದು ಕಚೇರಿಯ ಭಾಷೆ. ಅಜ್ಜನ ಕಾಲದ ಮೂಲಗೇಣಿ (ಶಾಶ್ವತ ಗೇಣಿ) ಚೀಟು, ವಿಭಾಗಪತ್ರ, ಕ್ರಯಚೀಟು ಎಲ್ಲವೂ ಕನ್ನಡದಲ್ಲಿವೆ. ಅದನ್ನು ಓದಬಲ್ಲ ನೌಕರ ಸಿಗದೆ ಕಡತ ತಿಂಗಳುಗಟ್ಟಲೆ ಮಲಗಿದ್ದನ್ನು ಕಂಡಿದ್ದೇನೆ. ಭಾಷಾ ಅಲ್ಪಸಂಖ್ಯಾತರಿಗಾಗಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ 350ಎ, ವಿಶೇಷ ಅಧಿಕಾರಿಯ 350ಬಿ ವಿಧಿಗಳು ಬಂದದ್ದು ಅದೇ 1956ರ ಏಳನೇ ತಿದ್ದುಪಡಿಯಲ್ಲಿ. ಗಡಿ ಸರಿಸಿದ ಕೈಯೇ ಈ ಆಸರೆಯನ್ನೂ ಕೊಟ್ಟಿತು. ಅದನ್ನು ಅರ್ಜಿಯಲ್ಲಿ ಉಲ್ಲೇಖಿಸಿ ಕೇಳುವವರು ಮಾತ್ರ ನಮ್ಮಲ್ಲಿ ಕಡಿಮೆ.

ನನ್ನನ್ನು ಹೆಚ್ಚು ಕಾಡಿದ್ದು 1956ರ ಗೆರೆಯಲ್ಲ, 1947ರದು. ಮಲಬಾರಿನಿಂದಲೂ ನಮ್ಮ ಕರಾವಳಿಯಿಂದಲೂ ಹೊಟ್ಟೆಪಾಡಿಗೆ ಕರಾಚಿಗೆ ಹೋದವರಿದ್ದರು. ಹೋಟೆಲು, ಚಹಾದಂಗಡಿಗಳ ಕೆಲಸ. ಬೊಂಬಾಯಿಗೆ ಹೋದಷ್ಟೇ ಸಹಜವಾಗಿ ಹೋದವರು. ದೇಶ ಎರಡಾಯಿತು. 1948ರಲ್ಲಿ ಗಡಿ ದಾಟಲು ಪರ್ಮಿಟ್ ಬಂತು, 1952ರಲ್ಲಿ ಪಾಸ್‌ಪೋರ್ಟ್ ಬಂತು. ತಾಯಿಗೆ ಕಾಯಿಲೆ ಎಂದು ಊರಿಗೆ ಹೊರಟವನಿಗೆ ಅಲ್ಲಿ ಸಿಕ್ಕಿದ್ದು ಪಾಕಿಸ್ತಾನದ ಪಾಸ್‌ಪೋರ್ಟ್. ಬೇರೆ ದೇಶದ ಪಾಸ್‌ಪೋರ್ಟ್ ಪಡೆದರೆ ಸ್ವಇಚ್ಛೆಯಿಂದ ಆ ದೇಶದ ಪೌರತ್ವ ಪಡೆದಂತೆ ಎಂದು 1956ರ ಪೌರತ್ವ ನಿಯಮಗಳು ಹೇಳಿದವು. ಸುಪ್ರೀಂ ಕೋರ್ಟ್ 1962ರಲ್ಲಿ ಬಹುಮತದಿಂದ ಆ ನಿಯಮವನ್ನು ಎತ್ತಿಹಿಡಿಯಿತು. ಹುಟ್ಟಿದ ಮನೆಯ ಜಗಲಿಯಲ್ಲಿ ಕುಳಿತವನು ಕಾಗದದಲ್ಲಿ ವಿದೇಶಿಯಾದ. 1965ರಲ್ಲಿ ಮದರಾಸಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಪಾಸ್‌ಪೋರ್ಟ್ ತನ್ನ ಇಚ್ಛೆಯಿಂದ ಪಡೆದದ್ದಲ್ಲ ಎಂದು ವ್ಯಕ್ತಿ ಹೇಳಿದರೆ ಅದನ್ನು ವಿಚಾರಣೆ ಮಾಡಲೇಬೇಕು ಎಂದಿತು. ವೃತ್ತಿಗೆ ಬಂದ ಹೊಸತರಲ್ಲಿ ಅಂಥ ಒಬ್ಬ ಮುದುಕರ ಕಡತ ಹಿಡಿದು ಓಡಾಡಿದ್ದೇನೆ. ಅವರಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತಿತ್ತು. ‘ನಾನು ಎಲ್ಲಿಗೂ ಹೋಗಿರಲಿಲ್ಲ, ಕೆಲಸಕ್ಕೆ ಹೋಗಿದ್ದೆ’ ಎನ್ನುತ್ತಿದ್ದರು. ಆ ಎರಡು ಕ್ರಿಯಾಪದಗಳ ನಡುವಿನ ವ್ಯತ್ಯಾಸವನ್ನು ಯಾವ ಅರ್ಜಿ ನಮೂನೆಯಲ್ಲೂ ತುಂಬಿಸಲು ನನಗೆ ಸಾಧ್ಯವಾಗಲಿಲ್ಲ.

ದೇಶದ ವರ್ಚಸ್ಸನ್ನು ನಾವು ಅಳೆಯುವುದೂ ಇದೇ ಪಾಸ್‌ಪೋರ್ಟಿನ ಮೂಲಕ. ಒಂದು ಕಾಲದಲ್ಲಿ ಕುವೈತ್, ಬಹರೈನ್, ದುಬೈಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರುವುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಆ ದೇಶಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿತು. 1961ರಲ್ಲಿ ಕುವೈತ್ ತನ್ನ ದಿನಾರ್ ತಂದಿತು, 1965ರಲ್ಲಿ ಬಹರೈನ್ ತನ್ನದು ತಂದಿತು, 1966ರಲ್ಲಿ ರೂಪಾಯಿ ಅಪಮೌಲ್ಯವಾದಾಗ ದುಬೈಯೂ ಬಿಟ್ಟಿತು. ಆ ಪ್ರಭಾವ ಸಾಮ್ರಾಜ್ಯ ಬಿಟ್ಟುಹೋದದ್ದು, ನಾವು ದುಡಿದದ್ದಲ್ಲ. ನಮ್ಮದೇ ಆದದ್ದು ಬೇರೆ ಬಾಗಿಲಿನಿಂದ ಬಂತು. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ ಎಂಬ ಕಾಲ 1967ರ ಏಪ್ರಿಲ್‌ನಲ್ಲಿ ಮುಗಿಯಿತು. ವಿದೇಶಕ್ಕೆ ಹೋಗುವುದೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿತು, ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಮುಂದೆ ಕೊಲ್ಲಿಯ ಬಾಗಿಲು ತೆರೆದಾಗ ನಮ್ಮ ಊರಿನವರ ಕೈಯಲ್ಲಿ ಹಕ್ಕಿನಿಂದ ಪಡೆದ ಪುಸ್ತಕವಿತ್ತು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಕರೆತಂದರು. ದೊಡ್ಡ ದೇಶ ಎಂದರೆ ಏನೆಂದು ಮಕ್ಕಳು ಕೇಳಿದರೆ ನಾನು ಹೇಳುವ ಉದಾಹರಣೆ ಅದು.

ಈಗ ಬರುವ ಕಡತಗಳು ಕೊಲ್ಲಿಯಲ್ಲಿ ಹುಟ್ಟಿದ ಮಕ್ಕಳವು. ಭಾರತದ ನೆಲದಲ್ಲಿ ಹುಟ್ಟಿದರೆ ಸಾಕೆಂಬ ನಿಯಮ 1987ರ ಜುಲೈ 1ಕ್ಕೆ ಮುಗಿದು ತಂದೆ ತಾಯಿಯ ಪೌರತ್ವವೂ ಲೆಕ್ಕಕ್ಕೆ ಬಂತು. 2004ರ ಡಿಸೆಂಬರ್ 3ರಿಂದ ಅದು ಇನ್ನೂ ಬಿಗಿಯಾಯಿತು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ 1992ರವರೆಗೆ ತಂದೆಯ ಮೂಲಕ ಮಾತ್ರ ಪೌರತ್ವ ಬರುತ್ತಿತ್ತು, ತಾಯಿ ಲೆಕ್ಕಕ್ಕೇ ಇರಲಿಲ್ಲ. ಆ ಅನ್ಯಾಯ ಸರಿಯಾಗಲು ಗಣರಾಜ್ಯಕ್ಕೆ ನಲವತ್ತೆರಡು ವರ್ಷ ಬೇಕಾಯಿತು. ಇಂದು ಅಂಥ ಮಗುವಿನ ಜನನವನ್ನು ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು. ತಪ್ಪಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಲ್ಲಿಯ ದೇಶ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡುವುದಿಲ್ಲ, ಇಲ್ಲಿಯದು ನೋಂದಣಿ ಇಲ್ಲದೆ ಸಿಗುವುದಿಲ್ಲ. ಮಗು ನಡುವೆ ನಿಲ್ಲುತ್ತದೆ. ಊರಿಗೆ ಬಂದ ಮೇಲೆ ಮಾಡಿಸೋಣ ಎಂದು ಕಾದು ಕುಳಿತವರ ಕಡತ ಈಗಲೂ ನನ್ನ ಮೇಜಿನ ಮೇಲೆ ಮೂರಿವೆ. ಗಡುವು ಮಗು ಹುಟ್ಟಿದ ದಿನದಿಂದಲೇ ಎಣಿಕೆಯಾಗುತ್ತದೆ. ಹೆಸರಿಡುವ ಶಾಸ್ತ್ರಕ್ಕೆ ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲು ದೂತಾವಾಸಕ್ಕೆ ಹೋಗಿ ಬನ್ನಿ.