ಟ್ಯಾಂಕಿನ ನೆತ್ತಿ ಹುಡುಕುವ ಗುಂಡು

ಟ್ಯಾಂಕಿನ ಕವಚ ಎದುರುಗಡೆ ಎಷ್ಟು ದಪ್ಪವೋ ನೆತ್ತಿಯಲ್ಲಿ ಅಷ್ಟು ತೆಳು. ಸುತ್ತಲೂ ಒಂದೇ ದಪ್ಪದ ಉಕ್ಕು ಹೊದಿಸಿದರೆ ವಾಹನ ಅಲುಗಾಡಲಾರದಷ್ಟು ಭಾರವಾಗುವುದರಿಂದ, ಹೊಡೆತ ಹೆಚ್ಚಾಗಿ ಎದುರಿನಿಂದಲೇ ಬರುತ್ತದೆಂಬ ಲೆಕ್ಕದಲ್ಲಿ ಮೇಲ್ಭಾಗವನ್ನು ಹಗುರವಾಗಿ ಬಿಟ್ಟಿರುತ್ತಾರೆ. ಜರ್ಮನಿಯ ‘ಸ್ಮಾರ್ಟ್ 155’ ಎಂಬ ಫಿರಂಗಿ ಗುಂಡಿನ ಕಣ್ಣು ಬೀಳುವುದು ಈ ನೆತ್ತಿಯ ಮೇಲೆಯೇ.

155 ಮಿಲಿಮೀಟರ್ ವ್ಯಾಸದ ಈ ಗುಂಡಿನೊಳಗೆ ಎರಡು ಉಪಸಿಡಿತಲೆಗಳಿರುತ್ತವೆ. ರಣರಂಗದ ಮೇಲೆ ಹೊರಬಿದ್ದ ಪ್ರತಿಯೊಂದೂ ಪ್ಯಾರಾಚೂಟಿಗೆ ಜೋತುಬಿದ್ದು, ವಾಲಿದ ಬುಗುರಿಯಂತೆ ತಿರುಗುತ್ತ ನಿಧಾನವಾಗಿ ಇಳಿಯುತ್ತದೆ. ವಾಲಿಕೊಂಡಿರುವ ಕಾರಣ ಅದರ ನೋಟ ನೆಲದ ಮೇಲೆ ಒಂದು ವೃತ್ತವನ್ನು ಬರೆಯುತ್ತದೆ. ಎತ್ತರ ಕಡಿಮೆಯಾದಂತೆ ಆ ವೃತ್ತ ಕುಗ್ಗುತ್ತ, ಸೊಳ್ಳೆಬತ್ತಿಯ ಸುರುಳಿಯಂತೆ ಅಂಚಿನಿಂದ ನಡುವಿನವರೆಗೆ ನೆಲವನ್ನು ಬಾಚುತ್ತದೆ. ಇಂಥವು ಗುರಿಯನ್ನು ಬೆನ್ನಟ್ಟುತ್ತವೆ ಎಂದು ಹೇಳುವ ರೂಢಿಯಿದೆಯಾದರೂ ಅದು ಸರಿಯಲ್ಲ. ಬೀಳುವುದಷ್ಟೇ ಇದರ ಚಲನೆ; ಯಾವ ಕ್ಷಣದಲ್ಲಿ ಸಿಡಿಯಬೇಕೆಂಬುದೊಂದೇ ಇದರ ನಿರ್ಧಾರ.

ಆ ನಿರ್ಧಾರಕ್ಕೆ ಒಂದೇ ಸಂವೇದಕ ಸಾಲದು. ಅವಕೆಂಪು ಸಂವೇದಕಕ್ಕೆ ಎಂಜಿನ್ನಿನ ಬಿಸಿ ಕಾಣುತ್ತದೆ, ಆದರೆ ಬಿಸಿಲಿಗೆ ಕಾದ ಬಂಡೆಯೂ ಉರಿಯುವ ಪೊದೆಯೂ ಬಿಸಿಯಾಗಿಯೇ ಕಾಣುತ್ತವೆ. ಇಲ್ಲಿ ನೆರವಿಗೆ ಬರುವ ಮಿಲಿಮೀಟರ್ ತರಂಗಗಳನ್ನು ಅಳೆಯುವ ರೇಡಿಯೋಮೀಟರ್ ನನ್ನ ಮಟ್ಟಿಗೆ ಈ ಯಂತ್ರದ ಅತ್ಯಂತ ಸೊಗಸಾದ ಭಾಗ. ಮಣ್ಣು, ಹುಲ್ಲು, ಗಿಡಗಳು ತಮ್ಮ ಉಷ್ಣತೆಗೆ ತಕ್ಕಂತೆ ಈ ತರಂಗಗಳನ್ನು ಸದಾ ಸೂಸುತ್ತಿರುತ್ತವೆ. ಲೋಹ ಹಾಗಲ್ಲ, ತಾನು ಸೂಸುವುದು ಅತ್ಯಲ್ಪ, ಕೊಳದ ನೀರು ಬಾನನ್ನು ತೋರಿಸುವಂತೆ ಮೇಲಿನ ತಣ್ಣನೆಯ ಆಕಾಶವನ್ನೇ ಅದು ಪ್ರತಿಫಲಿಸುತ್ತದೆ. ಹೀಗಾಗಿ ಒಂದು ಕಣ್ಣಿಗೆ ಬಿಸಿಯಾಗಿ ಕಾಣುವ ಟ್ಯಾಂಕ್ ಇನ್ನೊಂದಕ್ಕೆ ತಣ್ಣನೆಯ ಕಲೆಯಾಗಿ ಕಾಣುತ್ತದೆ. ಪೊದೆಯ ಬೆಂಕಿ ಎರಡನೆಯ ಪರೀಕ್ಷೆಯಲ್ಲಿ ಸೋಲುತ್ತದೆ, ಬಿದ್ದಿರುವ ತಗಡು ಮೊದಲನೆಯದರಲ್ಲಿ. ಇವೆರಡರ ಜೊತೆಗೆ ರೇಡಾರ್ ಕೂಡ ಇದೆ. ಸ್ವೀಡನ್ ಮತ್ತು ಫ್ರಾನ್ಸ್ ಸೇರಿ ರೂಪಿಸಿದ ‘ಬೋನಸ್’ ಎಂಬ ಇಂಥದೇ ಗುಂಡು ಪ್ಯಾರಾಚೂಟಿನ ಬದಲು ಪುಟ್ಟ ರೆಕ್ಕೆಗಳನ್ನು ಬಳಸುತ್ತದೆ, ಲೇಸರ್‌ನಿಂದ ವಸ್ತುವಿನ ಆಕಾರವನ್ನು ಅಳೆಯುತ್ತದೆ.

ಲಕ್ಷಣಗಳು ತಾಳೆಯಾದೊಡನೆ ಸ್ಫೋಟಕದ ಮುಂದಿರುವ ಟ್ಯಾಂಟಲಮ್ ತಟ್ಟೆ ಗಟ್ಟಿಯಾದ ಲೋಹದ ಉಂಡೆಯಾಗಿ ಮಡಚಿಕೊಂಡು, ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಆ ವೇಗದಲ್ಲಿ 100 ಮೀಟರ್ ದಾಟಲು ಸೆಕೆಂಡಿನ 20ನೇ ಒಂದು ಭಾಗ ಸಾಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುವ ಟ್ಯಾಂಕ್ ಅಷ್ಟರಲ್ಲಿ ಸರಿಯುವುದು ಅರ್ಧ ಮೀಟರ್ ಮಾತ್ರ.

ಗುರಿ ಸಿಗದಿದ್ದರೆ ಇವು ತಮ್ಮನ್ನು ತಾವೇ ನಾಶಪಡಿಸಿಕೊಳ್ಳಬೇಕು. ಹಲವು ಸಿಡಿತಲೆಗಳನ್ನು ಚೆಲ್ಲುವ ಕ್ಲಸ್ಟರ್ ಅಸ್ತ್ರಗಳನ್ನು ನಿಷೇಧಿಸಿದ 2008ರ ಒಪ್ಪಂದವು ಈ ಗುಣವನ್ನು ಪರಿಗಣಿಸಿ, ಹತ್ತಕ್ಕಿಂತ ಕಡಿಮೆ ಉಪಸಿಡಿತಲೆಗಳಿದ್ದು, ಪ್ರತಿಯೊಂದೂ 4 ಕಿಲೋಗ್ರಾಮಿಗಿಂತ ಹೆಚ್ಚು ತೂಗುವ ಇಂಥ ಅಸ್ತ್ರಗಳಿಗೆ ವಿನಾಯಿತಿ ಕೊಟ್ಟಿದೆ. ಒಂದೇ ಬಾಂಬಿನಲ್ಲಿ 40 ಸಿಡಿತಲೆಗಳನ್ನು ಹೊರುವ ಅಮೆರಿಕದ ಸಿಬಿಯು-105ಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕದ ಭಾರತ, ಬೆಂಗಳೂರಿನ ಎಚ್‌ಎಎಲ್‌ನಲ್ಲಿಯೂ ತಯಾರಾದ ಜಾಗ್ವಾರ್ ವಿಮಾನಗಳಿಗಾಗಿ ಅದೇ ಬಾಂಬನ್ನು ಕೊಂಡಿದೆ. 2015ರಲ್ಲಿ ಯೆಮನ್‌ನ ಯುದ್ಧದಲ್ಲಿ ಇಂಥ ಬಾಂಬುಗಳು ಬಳಕೆಯಾದಾಗ, ಅವುಗಳಲ್ಲಿ ಕೆಲವು ಸಿಡಿತಲೆಗಳು ಕಳಚಿಕೊಳ್ಳದೆ, ಸಿಡಿಯದೆ ನೆಲದ ಮೇಲೆ ಬಿದ್ದಿದ್ದವು.