ನೋಡ್ ಯಾವುದು, ಹ್ಯಾಂಡಲ್ ಯಾವುದು?

ಪ್ರಶ್ನೆ: ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಕನ್ನಡ ಅಕ್ಷರ ಬಿಡಿಸುತ್ತೇನೆ. ಹೊಸ 4ಕೆ ಮಾನಿಟರ್ ತಂದ ಮೇಲೆ ನೋಡ್ (ಗೆರೆಯ ಮೇಲಿನ ಬಿಂದು), ಹ್ಯಾಂಡಲ್ (ಗೆರೆಯ ಬಾಗು ತಿದ್ದುವ ಹಿಡಿ) ಎಲ್ಲ ಸಾಸಿವೆ ಕಾಳಿನಷ್ಟಾಗಿವೆ. ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಕೈಗೆ ಬರುತ್ತೆ. ಬಣ್ಣ ಬದಲಾಯಿಸಿದರೆ ಸರಿಹೋಗುತ್ತಾ?

ಉತ್ತರ: ಬಣ್ಣ ಆಮೇಲೆ. ಮೊದಲು ಗಾತ್ರ ದೊಡ್ಡದು ಮಾಡಿ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಇಂಟರ್‌ಫೇಸ್ ವಿಭಾಗದಲ್ಲಿ ಹ್ಯಾಂಡಲ್ ಸೈಜ್ ಹುಡುಕಿ, ಹೆಚ್ಚಿಸಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಅಡೋಬಿಯ ಇಲಸ್ಟ್ರೇಟರ್ ಬಳಸುವವರಿಗೂ ಇಂಥದ್ದೇ ಸ್ಲೈಡರ್ ಇದೆ, ಪ್ರಿಫರೆನ್ಸಸ್‌ನ ಸೆಲೆಕ್ಷನ್ ಆ್ಯಂಡ್ ಆ್ಯಂಕರ್ ಡಿಸ್‌ಪ್ಲೇಯಲ್ಲಿ.

ಆಮೇಲೆ ಆಕಾರ ನೋಡಲು ಕಣ್ಣನ್ನು ಪಳಗಿಸಿ. ಇಂಕ್‌ಸ್ಕೇಪ್‌ನಲ್ಲಿ ಗೆರೆ ಚೂಪಾಗಿ ತಿರುಗಬಲ್ಲ ನೋಡ್ ವಜ್ರದ ಆಕಾರದ್ದು, ನುಣುಪಾಗಿ ಸಾಗುವ ನೋಡ್ ಚೌಕ, ತಾನೇ ಹೊಂದಿಕೊಳ್ಳುವ ಆಟೋ ನೋಡ್ ದುಂಡು. ಹ್ಯಾಂಡಲ್ ಸಣ್ಣ ದುಂಡು ಬೊಟ್ಟು, ನೋಡ್‌ಗೆ ತೆಳು ಗೆರೆಯಿಂದ ಅಂಟಿಕೊಂಡಿರುತ್ತದೆ. ಆಟೋ ನೋಡ್ ಮತ್ತು ಹ್ಯಾಂಡಲ್ ಎರಡೂ ದುಂಡಾಗಿರುವುದೇ ಗೊಂದಲದ ಮೂಲ ಅಂತ ನನಗನ್ನಿಸುತ್ತದೆ. ಅಕ್ಷರದ ಕೆಲಸದಲ್ಲಿ ಆಟೋ ನೋಡ್ ಅಷ್ಟಾಗಿ ಬೇಕಾಗಲ್ಲ. ಅದನ್ನು ಆರಿಸಿ ಶಿಫ್ಟ್ ಜೊತೆ ಎಸ್ ಒತ್ತಿದರೆ ಚೌಕವಾಗುತ್ತದೆ, ಸಿ ಒತ್ತಿದರೆ ವಜ್ರ.

ಫಾಂಟ್ ತಯಾರಿಸುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್ ಈ ವಿಷಯದಲ್ಲಿ ಜಾಣ. ಅಲ್ಲಿ ವಕ್ರ ಬಿಂದು ದುಂಡು, ಮೂಲೆ ಬಿಂದು ಚೌಕ, ನೇರ ಗೆರೆ ವಕ್ರಕ್ಕೆ ಸೇರುವ ಬಿಂದು ತ್ರಿಕೋನ. ಹಿಂದಿನ ಹ್ಯಾಂಡಲ್‌ಗೂ ಮುಂದಿನದಕ್ಕೂ ಬೇರೆ ಬೇರೆ ಬಣ್ಣ. ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದವರಿಗೂ ಆಕಾರ ಕೈ ಕೊಡಲ್ಲ. ಅದಕ್ಕೇ ಬರೀ ಬಣ್ಣ ನೆಚ್ಚಿಕೊಳ್ಳಬೇಡಿ ಅನ್ನುವುದು.

ಇನ್ನು ಬಣ್ಣ. ಇಂಕ್‌ಸ್ಕೇಪ್‌ನಲ್ಲಿ ಪಾತ್ ಔಟ್‌ಲೈನ್ (ನೋಡ್‌ಗಳ ನಡುವಿನ ಗೆರೆಯನ್ನು ತೋರಿಸುವ ಸೌಲಭ್ಯ) ಆನ್ ಮಾಡಿದರೆ ಮೊದಲು ಬರುವ ಬಣ್ಣ ಕೆಂಪು. ಚಿತ್ರವೂ ಕೆಂಪಾಗಿದ್ದರೆ ಏನೂ ಕಾಣಲ್ಲ, ಅಲ್ವಾ? ಪ್ರಿಫರೆನ್ಸಸ್‌ನಲ್ಲಿ ನೋಡ್ ಟೂಲ್ ವಿಭಾಗಕ್ಕೆ ಹೋಗಿ ಬದಲಿಸಬಹುದು. ಇಲಸ್ಟ್ರೇಟರ್‌ನಲ್ಲಿ ಇದು ಲೇಯರ್‌ನ (ಚಿತ್ರದ ಪದರದ) ಬಣ್ಣದ ಮೇಲೆ ನಿಂತಿದೆ. ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ ಬೇರೆ ಬಣ್ಣ ಕೊಟ್ಟರೆ ಆಯಿತು. 2024ರಲ್ಲಿ ಬಂದ ಇಂಕ್‌ಸ್ಕೇಪ್ 1.4ರಿಂದ ಸಿಎಸ್‌ಎಸ್ (ವೆಬ್ ಪುಟಗಳ ರೂಪ ಹೇಳುವ ಭಾಷೆ) ಬರೆದು ಹ್ಯಾಂಡಲ್‌ಗಳ ರೂಪವನ್ನೇ ಬದಲಿಸಬಹುದು. ಸಿಎಸ್‌ಎಸ್ ಗೊತ್ತಿಲ್ಲದಿದ್ದರೆ ಸುಮ್ನೆ ಅದರ ಗೋಜಿಗೆ ಹೋಗಬೇಡಿ.

ಇಷ್ಟಾದ ಮೇಲೂ ಗೊಂದಲ ಉಳಿದರೆ ತಪ್ಪು ಸಾಫ್ಟ್‌ವೇರ್‌ನದಲ್ಲ, ನೋಡ್‌ಗಳೇ ಜಾಸ್ತಿ ಇವೆ. ಸ್ಕ್ಯಾನ್ ಮಾಡಿದ ಅಕ್ಷರವನ್ನು ಟ್ರೇಸ್ ಮಾಡಿದರೆ (ಸಾಫ್ಟ್‌ವೇರ್‌ನಿಂದಲೇ ಗೆರೆಯಾಗಿಸಿದರೆ) ಒಂದು ‘ಠ’ಗೆ ಬೇಡದಷ್ಟು ನೋಡ್ ಬಂದು ಕೂರುತ್ತವೆ. ಒಂದು ಪೂರ್ತಿ ವೃತ್ತಕ್ಕೆ ನಾಲ್ಕು ಸಾಕು: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಪ್ರತಿ ಹ್ಯಾಂಡಲ್ ತ್ರಿಜ್ಯದ ಸುಮಾರು 0.55ರಷ್ಟು ಉದ್ದ ಇದ್ದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದಷ್ಟು ದುಂಡಗಿರುತ್ತದೆ. ಕನ್ನಡ ಅಕ್ಷರಗಳ ದುಂಡು ಭಾಗಗಳಿಗೂ ಇದೇ ಲೆಕ್ಕ ಒಗ್ಗುತ್ತದೆ. ವಕ್ರ ಅತಿ ಎತ್ತರ, ಅತಿ ತಗ್ಗು, ಅತಿ ಎಡ, ಅತಿ ಬಲ ಮುಟ್ಟುವ ಕಡೆ ನೋಡ್ ಇಡಿ. ಆಗ ಹ್ಯಾಂಡಲ್‌ಗಳು ಅಡ್ಡ ಅಥವಾ ಉದ್ದ ಗೆರೆಯ ಮೇಲೇ ನಿಲ್ಲುತ್ತವೆ, ಒಂದರ ಮೇಲೊಂದು ಬೀಳುವುದು ಕಡಿಮೆಯಾಗುತ್ತದೆ. ಎಳೆಯುವಾಗ ಕಂಟ್ರೋಲ್ ಒತ್ತಿ ಹಿಡಿದರೆ ಹ್ಯಾಂಡಲ್ ನೇರಕ್ಕೆ ಕೂರುತ್ತದೆ. ಸಿಂಪ್ಲಿಫೈ ಆಜ್ಞೆಯಿಂದಲೂ ನೋಡ್ ಕಡಿಮೆಯಾಗುತ್ತವೆ, ಆದರೆ ಅದು ಅಕ್ಷರದ ಮೂಲೆಗಳನ್ನು ಸವೆಸಿಬಿಡುತ್ತದೆ. ಕೈಯಲ್ಲೇ ಅಳಿಸುವುದು ವಾಸಿ.

ಕೆಲವು ನೋಡ್‌ಗಳಲ್ಲಿ ಹ್ಯಾಂಡಲ್ ಕಾಣದೇ ಇದ್ದರೆ ಅದು ಒಳಗೆ ಸರಿದು ನೋಡ್ ಕೆಳಗೇ ಅಡಗಿರುತ್ತದೆ. ಶಿಫ್ಟ್ ಒತ್ತಿ ಹಿಡಿದು ಆ ನೋಡ್ ಮೇಲಿಂದ ಎಳೆಯಿರಿ, ಹೊರಗೆ ಬರುತ್ತದೆ.