ಉಸಿರಾಡ್ತಾ ಇದ್ದರೂ ಆಕ್ಸಿಜನ್ ಇಲ್ಲ: ಪೈಲಟ್ ತರಬೇತಿ ಚೇಂಬರ್ ಬಿಟ್ಟು ಮಾಸ್ಕಿಗೆ ಬಂದದ್ದು ಹೇಗೆ?

ಹೈಪಾಕ್ಸಿಯಾ ಅಂದರೆ ದೇಹಕ್ಕೆ ಬೇಕಾದಷ್ಟು ಆಕ್ಸಿಜನ್ ಸಿಗದಿರುವುದು. ಉಸಿರು ಕಟ್ಟಿದ ಹಾಗೆ ಆದರೆ ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿ ಎಷ್ಟೋ ಸಲ ಹಾಗೆ ಆಗುವುದೇ ಇಲ್ಲ. ಕೆಲವರಿಗಂತೂ ಸುಮ್ನೆ ಖುಷಿಯಾಗುತ್ತದೆ. 25,000 ಅಡಿ ಎತ್ತರದಲ್ಲಿ ತಲೆ ನೆಟ್ಟಗೆ ಕೆಲಸ ಮಾಡುವುದು 3ರಿಂದ 5 ನಿಮಿಷ, 35,000 ಅಡಿಯಲ್ಲಿ ಒಂದು ನಿಮಿಷದೊಳಗೇ ಆಟ ಮುಗಿಯುತ್ತದೆ.

1875ರಲ್ಲಿ ಫ್ರಾನ್ಸಿನ ಜೆನಿತ್ ಬಲೂನಿನಲ್ಲಿ ಮೂವರು ಮೇಲೇರಿದರು. ಪಕ್ಕದಲ್ಲೇ ಆಕ್ಸಿಜನ್ ಚೀಲಗಳಿದ್ದವು. ಅದನ್ನು ಬಾಯಿಗಿಟ್ಟುಕೊಳ್ಳಲು ಕೈಯೇ ಏಳಲಿಲ್ಲ. ಬದುಕಿ ಬಂದದ್ದು ಟಿಸಾಂಡಿಯೇ ಎಂಬವರು ಒಬ್ಬರೇ. ಸತ್ತ ಇಬ್ಬರೂ ಹಿಂದಿನ ವರ್ಷವೇ ವಿಜ್ಞಾನಿ ಪಾಲ್ ಬೆರ್ ಅವರ ಕಡಿಮೆ ಒತ್ತಡದ ಚೇಂಬರಿನಲ್ಲಿ ಕೂತು ಇದೆಲ್ಲ ಅನುಭವಿಸಿದ್ದವರು!

ಅಲ್ಲಿಂದ ಎರಡನೇ ಮಹಾಯುದ್ಧದ ಹೊತ್ತಿಗೆ ಚೇಂಬರ್ ತರಬೇತಿ ವಾಯುಪಡೆಗಳಲ್ಲಿ ಮಾಮೂಲಾಯಿತು.

ಒಳಗೆ ನಡೆಯುವುದು ಇಷ್ಟು. ಚೇಂಬರಿನ ಒತ್ತಡ ಇಳಿಸಿ, ಆಕ್ಸಿಜನ್ ಮಾಸ್ಕ್ ತೆಗೆಸಿ ಕೈಗೆ ಪೆನ್ನು ಕೊಡುತ್ತಾರೆ. 100ರಿಂದ 7 ಕಳೆಯುತ್ತಾ ಹೋಗಿ ಅನ್ನುತ್ತಾರೆ. ಮೊದಲ ಸಾಲು ಚೆನ್ನಾಗಿರುತ್ತದೆ, ಆಮೇಲೆ ಅಂಕಿಗಳು ಸೊಟ್ಟಗಾಗಿ ಕಾಗದದ ಅಂಚಿಗೆ ಜಾರುತ್ತವೆ, ಬರೆಯುತ್ತಿರುವವರಿಗೆ ಮಾತ್ರ ಎಲ್ಲ ಸರಿಯಾಗೇ ಇದೆ ಅನಿಸುತ್ತಿರುತ್ತದೆ. ಮತ್ತೆ ಆಕ್ಸಿಜನ್ ಎಳೆದುಕೊಂಡಾಗ ಎದುರಿನ ಚಾರ್ಟಿನ ಬಣ್ಣಗಳು ಒಮ್ಮೆಲೇ ಹೊಳೆಯುತ್ತವೆ. ಅದು ಮಂಕಾಗಿತ್ತು ಅಂತ ತಿಳಿಯುವುದೇ ಆಗ. ಒಬ್ಬರಿಗೆ ಬೆರಳು ಜುಮ್ಮೆನ್ನುತ್ತದೆ, ಇನ್ನೊಬ್ಬರಿಗೆ ಮೈ ಬಿಸಿಯಾಗುತ್ತದೆ. ತನ್ನ ಲಕ್ಷಣ ಯಾವುದು ಅಂತ ಗುರುತು ಹಿಡಿಯುವುದೇ ಈ ತರಬೇತಿಯ ಉದ್ದೇಶ.

ಆದರೆ ಚೇಂಬರಿನಲ್ಲಿ ಒತ್ತಡ ನಿಜವಾಗಿಯೇ ಇಳಿಯುತ್ತದೆ. ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ರಕ್ತದಲ್ಲಿ ನೈಟ್ರೋಜನ್ ಗುಳ್ಳೆಗಳೇಳಬಹುದು. ಅದನ್ನು ತಪ್ಪಿಸಲು ಮೊದಲೇ ಅರ್ಧ ಗಂಟೆ ಶುದ್ಧ ಆಕ್ಸಿಜನ್ ಉಸಿರಾಡಿಸುವ ರೂಢಿ ಬಂತು. ಕಿವಿನೋವು ಬೇರೆ. ಪೈಲಟ್ ಏನೋ ಕೆಲವು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ, ಪದೇ ಪದೇ ಒಳಗೆ ಕೂರುವ ತರಬೇತುದಾರರ ಗತಿ? 2010ರ ದಶಕದಲ್ಲಿ ಅಮೆರಿಕ ವಾಯುಪಡೆಯ ಚೇಂಬರ್ ಸಿಬ್ಬಂದಿಯ ಎಂಆರ್‌ಐ ನೋಡಿದಾಗ ಮೆದುಳಿನ ಬಿಳಿ ಭಾಗದಲ್ಲಿ ಸಣ್ಣ ಕಲೆಗಳು ಸಾಮಾನ್ಯಕ್ಕಿಂತ ಜಾಸ್ತಿ ಕಂಡವು. ಅಪಾಯ ಕಲಿಸಲು ಇನ್ನೊಂದು ಅಪಾಯ, ವಿಚಿತ್ರ ಅಲ್ವಾ?

ಹಾಗಾಗಿ ಒತ್ತಡವನ್ನು ಮುಟ್ಟದೆ ಆಕ್ಸಿಜನ್ ಮಾತ್ರ ಇಳಿಸುವ ಯಂತ್ರಗಳು ಬಂದವು. ಅಮೆರಿಕ ನೌಕಾಪಡೆ ಬೆಳೆಸಿದ ಇಂಥ ಯಂತ್ರ ಗಾಳಿಗೆ ನೈಟ್ರೋಜನ್ ಬೆರೆಸಿ ಮಾಸ್ಕಿಗೆ ಬಿಡುತ್ತದೆ. 21 ಶೇಕಡಾ ಇರುವ ಆಕ್ಸಿಜನ್ 7-8ಕ್ಕೆ ಇಳಿದರೆ ಅದೇ 25,000 ಅಡಿಯ ಅನುಭವ. ಗುಳ್ಳೆಯ ಭಯ ಇಲ್ಲ. ನನಗೆ ಇಷ್ಟವಾಗುವುದು ಇನ್ನೊಂದು ಅನುಕೂಲ: ಪೈಲಟ್ ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುತ್ತಿರುವಾಗಲೇ ಹೇಳದೆ ಕೇಳದೆ ಆಕ್ಸಿಜನ್ ಇಳಿಸಬಹುದು. ಅವರೇ ಗುರುತಿಸಬೇಕು, ಎಮರ್ಜೆನ್ಸಿ ಆಕ್ಸಿಜನ್ ತೆಗೆದುಕೊಳ್ಳಬೇಕು, ವಿಮಾನವನ್ನು 10,000 ಅಡಿಗೆ ಇಳಿಸಬೇಕು. ಕಾಗದದ ಮೇಲೆ ಲೆಕ್ಕ ಮಾಡುವುದಕ್ಕಿಂತ ಇದು ನಿಜಕ್ಕೆ ಹತ್ತಿರ.

ಮಾಸ್ಕಿಗೂ ಮಿತಿ ಇದೆ. ಕ್ಯಾಬಿನ್ ಒತ್ತಡ ದಿಢೀರನೆ ಕುಸಿದಾಗ ತುಂಬುವ ಮಂಜು, ಉಬ್ಬುವ ಹೊಟ್ಟೆ, ಇದನ್ನೆಲ್ಲ ಅದು ತೋರಿಸಲಾರದು. ಆಸ್ಟ್ರೇಲಿಯಾ ವಾಯುಪಡೆ ನಡುದಾರಿ ಹಿಡಿಯಿತು. ಚೇಂಬರಿನ ಒತ್ತಡವನ್ನು 10,000 ಅಡಿಯ ಮಟ್ಟಕ್ಕಷ್ಟೇ ಇಳಿಸಿ, ಉಳಿದ ಕೊರತೆಯನ್ನು 10 ಶೇಕಡಾ ಆಕ್ಸಿಜನ್ ಇರುವ ಗಾಳಿಯಿಂದ ತುಂಬುತ್ತಾರೆ.

ಇದೆಲ್ಲ ಹೆಚ್ಚಾಗಿ ಸೈನ್ಯದ ಕಥೆ. ಆದರೆ ಪ್ರಯಾಣಿಕರ ವಿಮಾನಗಳಿಗೂ ಈ ಅಪಾಯ ತಪ್ಪಿದ್ದಲ್ಲ. 2005ರಲ್ಲಿ ಸೈಪ್ರಸ್ಸಿನ ಹೀಲಿಯೋಸ್ ಕಂಪನಿಯ ಪ್ರಯಾಣಿಕರ ವಿಮಾನ ಗ್ರೀಸಿನಲ್ಲಿ ಬಿದ್ದು 121 ಜನ ಸತ್ತರು. ಕ್ಯಾಬಿನ್ ಒತ್ತಡ ಕಡಿಮೆಯಾದ ಎಚ್ಚರಿಕೆಯ ಹಾರ್ನ್ ಕೂಗಿತ್ತು, ಸಿಬ್ಬಂದಿ ಅದನ್ನು ಬೇರೆ ಏನೋ ಅಂದುಕೊಂಡಿದ್ದರು. ಅಮೆರಿಕದ ನಿಯಮವನ್ನೇ ತೆಗೆದುಕೊಳ್ಳಿ: 25,000 ಅಡಿಗಿಂತ ಮೇಲೆ ಹಾರುವ ಏರ್‌ಲೈನ್ ಸಿಬ್ಬಂದಿಗೆ ಹೈಪಾಕ್ಸಿಯಾದ ಪಾಠ ಕಡ್ಡಾಯ, ಅದನ್ನು ಮೈಯಲ್ಲಿ ಅನುಭವಿಸಿ ನೋಡುವುದು ಕಡ್ಡಾಯವಲ್ಲ.